ಸೂಲಗಿತ್ತಿಯ ಕೈಗೆ ಬಡಿಗೆ

ಆಟವೆಂದರೆ ಆಟ, ಅದರಲ್ಲಿ ಅಂಥದ್ದೇನಿದೆ ಎಂದು ಕೇಳುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಅವರು ಇಲ್ಲಿಗೇ ಎದ್ದು ಹೋಗಲಿ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಎತ್ತಿನ ಹಿಂದೆ ನಡೆದವನು. ಬರೆಯುವುದು ನನಗೆ ಹೊಲ ಹರಗುವುದಕ್ಕಿಂತ ಕಷ್ಟದ ಕೆಲಸ. ಆದರೂ ಕೂತಿದ್ದೇನೆ. ನನ್ನ ತಂಗಿ ಕಟ್ಟಿದ ಒಂದು ಆಟವನ್ನು ನಾನು ಕೆಡಿಸಿದೆ. ಆಟದ ಜೊತೆ ಅವಳು ಕೂಡುತ್ತಿದ್ದ ಜಾಗವೂ ಹೋಯಿತು. ಇಷ್ಟು ವರ್ಷ ಮನೆಯವರೆಲ್ಲ ಅದನ್ನು ಹುಡುಗಾಟವೆಂದು ನಕ್ಕು ಬಿಟ್ಟಿದ್ದಾರೆ. ನಾನು ಬಿಡುವುದಿಲ್ಲ.

ಹೋದ ಪಂಚಮಿಗೆ ತಂಗಿ ತವರಿಗೆ ಬಂದಾಗ ಅವಳ ಮಗಳೂ ಬಂದಿದ್ದಳು. ಹುಡುಗಿ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಆಟ ಆಡುತ್ತ ಕೂತಿದ್ದಳು. ಬಾಜು ಕೂತು ನೋಡಿದೆ. ಪರದೆಯ ಮೇಲೆ ದಾಳ ಉರುಳುತ್ತಿತ್ತು. ಒಬ್ಬ ಕತ್ತಿಯವ, ಒಬ್ಬ ಬಿಲ್ಲಿನವ, ಒಬ್ಬ ಕಳ್ಳ, ಒಬ್ಬ ಮಾಟಗಾರ, ಗಾಯ ವಾಸಿ ಮಾಡುವ ಒಬ್ಬ ಹೆಂಗಸು. ಐವರೂ ಕೂಡಿ ಕಾಡು ದಾಟಬೇಕು. ಆಡುವವರು ಐವರಲ್ಲಿ ಒಬ್ಬರನ್ನು ತಮ್ಮ ವೇಷವೆಂದು ಆರಿಸಿಕೊಳ್ಳಬೇಕು. ಹುಡುಗಿ ಗಾಯ ವಾಸಿ ಮಾಡುವವಳನ್ನು ಆರಿಸಿಕೊಂಡು ಏನೋ ಗೊಣಗುತ್ತಿದ್ದಳು.

"ಏನಾತಬೇ?" ಎಂದೆ.

"ನೋಡ ಮಾಮಾ, ಆಟಾ ಮಾಡಿದವ್ರು ಈಕಿ ಕೈಯಾಗೂ ಕತ್ತಿ ಕೊಟ್ಟಾರ. ಈಕಿನ್ನ ಯಾರೂ ಆರಿಸ್ಕೊಳ್ಳವಲ್ಲರಂತ. ಎಲ್ಲಾರೂ ಸರಿಸಮ ಆಗ್ಲಿ ಅಂತ."

"ಸರಿಸಮ ಆದ್ರ ಛಲೋ ಆತಲ್ಲ?"

"ಏನ್ ಛಲೋ? ಎಲ್ಲಾರೂ ಹೊಡ್ಯಾಕ ನಿಂತ್ರ ಐದು ಮಂದಿ ಯಾಕ ಬೇಕು? ಒಬ್ಬನ್ನ ಐದು ಸಲ ಬರದ್ರ ಮುಗೀತು."

ಒಳಗೆ ರೊಟ್ಟಿ ತಟ್ಟುವ ಸಪ್ಪಳ ಒಂದು ಗಳಿಗೆ ನಿಂತಿತು. ತಂಗಿ ಕೇಳಿಸಿಕೊಂಡಿದ್ದಳು. ಆಮೇಲೆ ಸಪ್ಪಳ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ನಮ್ಮದು ನವಲಗುಂದ ತಾಲೂಕಿನಲ್ಲಿ ಮೊರಬದ ಕಡೆಯ ಊರು. ಕಪ್ಪು ಎರೆ ನೆಲ. ಎಂಬತ್ತರ ದಶಕ ಶುರುವಾಗಿತ್ತು. ಊರಿಗೆ ಟಿ.ವಿ. ಬಂದಿರಲಿಲ್ಲ. ಟ್ರ್ಯಾಕ್ಟರ್ ಗೌಡರ ಮನೆಗೆ ಮಾತ್ರ ಬಂದಿತ್ತು. ನಮ್ಮಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಮನೆಮನೆಯಲ್ಲೂ ಎರೆಮಣ್ಣು ಕಲಸಿ ಜೋಡಿ ಎತ್ತು ಮಾಡಿ ಪೂಜಿಸುತ್ತಾರೆ. ನಮ್ಮ ಮನೆಯ ಎತ್ತು ಮಾಡುತ್ತಿದ್ದವಳು ತಂಗಿ. ಎರೆಮಣ್ಣು ಒಣಗುವಾಗ ಬಿರಿಯುವ ಮಣ್ಣು. ಹೊಲದಲ್ಲಿ ಬೇಸಿಗೆಗೆ ಕಾಲು ಸಿಗುವಷ್ಟು ಬಾಯಿ ಬಿಡುತ್ತದೆ. ಆದರೆ ಅವಳ ಎತ್ತು ಬಿರಿಯುತ್ತಿರಲಿಲ್ಲ. ಹಳೆಯ ಗಾದಿಯ ಅರಳೆಯನ್ನು ಹಿಂಜಿ ಮಣ್ಣಿಗೆ ಬೆರೆಸಿ ಹಿಟ್ಟಿನಂತೆ ನಾದುತ್ತಿದ್ದಳು.

ಆ ವರ್ಷ ಉಳಿದ ಮಣ್ಣಿನಲ್ಲಿ ಅವಳು ಎತ್ತು ಮಾಡಲಿಲ್ಲ, ಮನುಷ್ಯರನ್ನು ಮಾಡಿದಳು. ಹೆಬ್ಬೆರಳಿನಷ್ಟು ಎತ್ತರದ ಐದು ಗೊಂಬೆ, ಒಂದು ಬಂಡಿ. ಮನೆಯ ಮುಂದಿನ ಕಟ್ಟೆಯ ಕಲ್ಲಿನ ಮೇಲೆ ಸುಣ್ಣದಲ್ಲಿ ಆಟದ ಮನೆಗಳನ್ನು ಗೀಚಿದಳು, ಈ ತುದಿಯಿಂದ ಆ ತುದಿಗೆ ಸುತ್ತಿ ಬಳಸಿ ಹೋಗುವ ಹಾದಿಯಂತೆ. ಈ ತುದಿ ನಮ್ಮ ಊರು. ಆ ತುದಿ ಗುಡಗೇರಿಯ ರೈಲು ಸ್ಟೇಷನ್ನು. ಅಪ್ಪ ಹಿಂದೊಮ್ಮೆ ಅಲ್ಲಿಗೆ ಬಂಡಿ ಹೊಡೆದುಕೊಂಡು ಹೋದ ಕಥೆ ನಮಗೆ ಬಾಯಿಪಾಠವಾಗಿತ್ತು. ಹತ್ತಿ ತುಂಬಿದ ಬಂಡಿ ರೈಲು ಬಿಡುವುದರೊಳಗೆ ಅಲ್ಲಿಗೆ ಮುಟ್ಟಬೇಕು. ಹಾದಿಯಲ್ಲಿ ತೋಳ, ಮಳೆ, ಕೆಸರು. ತೋಳಗಳೆಂದರೆ ಒಲೆಯ ಇದ್ದಿಲ ಚೂರು.

ಬಂಡಿಯ ಜೊತೆ ಹೋಗುವವರು ಐವರು: ಬಂಡಿ ಹೊಡೆಯುವವ, ಪೈಲ್ವಾನ, ಕಂಬಾರ, ಕುರಿ ಕಾಯುವವ, ಸೂಲಗಿತ್ತಿ. ನಾಲ್ಕು ಕವಡೆ ಚೆಲ್ಲಬೇಕು, ಬಾಯಿ ಮೇಲಾದದ್ದನ್ನು ಎಣಿಸಬೇಕು. ಅಷ್ಟನ್ನು ಯಾವ ಆಟದಲ್ಲಾದರೂ ಮಾಡುತ್ತೇವೆ. ಅವಳ ಆಟದಲ್ಲಿ ಒಂದೇ ಕವಡೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಆಗುತ್ತಿತ್ತು. ಪೈಲ್ವಾನನಿಗೆ ಎರಡು ಬಿದ್ದರೂ ತೋಳ ಸಾಯುತ್ತದೆ. ಉಳಿದವರಿಗೆ ಮೂರು ಬೀಳಬೇಕು. ಕುರಿ ಕಾಯುವವನು ತೋಳ ಎಲ್ಲಿದೆ ಎಂಬುದನ್ನು ಮೊದಲೇ ನೋಡಬಲ್ಲ. ಗಾಲಿ ಮುರಿದರೆ ಕಂಬಾರ ಬಿಟ್ಟು ಬೇರೆಯವರು ಅದನ್ನು ಮುಟ್ಟುವಂತಿಲ್ಲ. ಸೂಲಗಿತ್ತಿ ಹೊಡೆಯುವುದೇ ಇಲ್ಲ. ನಾಲ್ಕಕ್ಕೆ ನಾಲ್ಕು ಬಿದ್ದರೂ ಇಲ್ಲ. ಯಾರಾದರೂ ಬಿದ್ದರೆ ಅವಳು ಬಾಜು ಮನೆಗೆ ಹೋಗಿ ಅವರನ್ನು ಎಬ್ಬಿಸುತ್ತಾಳೆ. ಅವಳಿಲ್ಲದಿದ್ದರೆ ಬಿದ್ದವರು ಬಿದ್ದ ಹಾಗೆ. ಅವಳ ಗೊಂಬೆಯ ಎರಡೂ ಕೈ ಎದೆಯ ಹತ್ತಿರ ಮಡಚಿದ್ದವು. ಒಳಗೆ ಅಕ್ಕಿಕಾಳಿನಷ್ಟು ಒಂದು ಕೂಸು.

ಮೊದಮೊದಲು ಎಲ್ಲರಿಗೂ ಪೈಲ್ವಾನನೇ ಬೇಕು. ಅವನಿಗಾಗಿ ಕಟ್ಟೆಯ ಮೇಲೆ ನಿಜವಾದ ಗುದ್ದಾಟಗಳೇ ಆದವು. ತಂಗಿ ಬೈಯಲಿಲ್ಲ. ಮರುದಿನ ಬರುವಾಗ ಒಂದು ಹಿಡಿ ಜೋಳ ತಂದು ಬಂಡಿಯಲ್ಲಿ ಹಾಕಿದಳು. ಪೈಲ್ವಾನ ಒಂದು ಸಲ ಹೊಡೆದರೆ ಒಂದು ಕಾಳು ಹೋಗುತ್ತದೆ. ಕಾಳು ತೀರಿದರೆ ಅವನೂ ಎಲ್ಲರಂತೆ.

"ಇದ್ಯಾವ ನ್ಯಾಯಲೇ?" ಎಂದು ಹಿಟ್ಟಿನ ಗಿರಣಿಯವರ ಹುಡುಗ ಜಗಳ ತೆಗೆದ. ಅಂದು ಪೈಲ್ವಾನ ಅವನ ಕೈಯಲ್ಲಿದ್ದ.

"ಉಣ್ಣದ ಕುಸ್ತಿ ಹಿಡೀತಾನೇನು ನಿಮ್ಮ ಪೈಲ್ವಾನ?" ಎಂದಳು ತಂಗಿ. "ಗಿರಣಿ ಮನ್ಯಾಂವ ನೀನು, ಹೊಟ್ಟಿ ಲೆಕ್ಕಾ ನಾ ಹೇಳಬೇಕೇನು?"

ಇನ್ನೊಂದು ದಿನ ಗೌಡರ ಹುಡುಗ ಬಂದು, ಆಟದಲ್ಲಿ ಗೌಡನ ಗೊಂಬೆ ಏಕಿಲ್ಲ ಎಂದು ಕೇಳಿದ. ಅವರ ಹೊಲವನ್ನು ನಾವು ಪಾಲಿಗೆ ಮಾಡುತ್ತಿದ್ದೆವು.

ತಂಗಿ ಕವಡೆ ಕೆಳಗಿಟ್ಟು ಅವನನ್ನೇ ನೋಡಿದಳು. "ಮಾಡ್ತೇನಿ. ಹಾದ್ಯಾಗ ಗೌಡ ಏನ ಕೆಲಸಾ ಮಾಡ್ತಾನ, ಹೇಳು."

ಅವನು ಐದೂ ಗೊಂಬೆಗಳನ್ನು ಒಂದೊಂದಾಗಿ ನೋಡಿದ. "ಹೇಳತಾನ," ಎಂದ ಕಡೆಗೆ. "ಎಲ್ಲಾರಿಗೂ ಹಿಂಗ ಮಾಡ್ರಿ, ಹಂಗ ಮಾಡ್ರಿ ಅಂತ."

"ಹೇಳಾಕ ನಾ ಇದ್ದೇನಲ್ಲ," ಎಂದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಗೌಡರ ಹುಡುಗನೂ ನಕ್ಕ, ಆಮೇಲೆ ಕುರಿ ಕಾಯುವವನನ್ನು ತೆಗೆದುಕೊಂಡು ಆಡಲು ಕೂತ. ಬೇರೆಡೆ ಅವನ ಎದುರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವ ಹುಡುಗರು ನಮ್ಮ ಕಟ್ಟೆಯ ಮೇಲೆ ಅವನಿಗೆ, "ಏ ಕುರುಬಾ, ತ್ವಾಳ ಎಲ್ಲಿ ಐತಿ ನೋಡಿ ಹೇಳಲೇ, ನಿದ್ದಿ ಮಾಡ್ತಿಯೇನು!" ಎಂದು ಕೂಗುತ್ತಿದ್ದರು. ಅವನು ಓಗೊಡುತ್ತಿದ್ದ. ಅದು ನನ್ನ ತಂಗಿ ಮಾಡಿದ ಕೆಲಸ. ಹನ್ನೆರಡು ದಾಟಿದ ಹುಡುಗಿ, ಸುಣ್ಣದ ಗೆರೆ ಎಳೆದು ಮಾಡಿದ ಕೆಲಸ.

ಅವಳು ಯಾವ ಗೊಂಬೆಯನ್ನೂ ತನಗೆಂದು ಇಟ್ಟುಕೊಳ್ಳುತ್ತಿರಲಿಲ್ಲ. ಅವಳು ಉಳಿದದ್ದೆಲ್ಲ ಆಗಿದ್ದಳು: ತೋಳ, ಮಳೆ, ಕೆಸರು, ರೈಲು. ತೋಳ ಏನು ಮಾಡುತ್ತದೆ ಎಂಬುದನ್ನು ಕವಡೆ ಹೇಳುತ್ತಿರಲಿಲ್ಲ, ಅವಳು ಹೇಳುತ್ತಿದ್ದಳು. "ಇದು ಮರಿ ಹಾಕಿದ ತ್ವಾಳ. ಹೊಡದ್ರ ಮೈಮ್ಯಾಲ ಬರ್ತೈತಿ. ಏನ್ ಮಾಡ್ತೀರಿ?" ಎನ್ನುತ್ತಿದ್ದಳು. ಆಗ ಐವರೂ ತಲೆ ಕೂಡಿಸಬೇಕು. ಒಬ್ಬ ರೊಟ್ಟಿ ಒಗೆಯುತ್ತೇನೆ ಅನ್ನುವನು, ಒಬ್ಬ ಬಂಡಿ ತಿರುಗಿಸೋಣ ಅನ್ನುವನು. ಹೊಡೆಯದೆ ದಾಟಿದ ತೋಳಗಳೇ ನನಗೆ ಇಂದಿಗೂ ನೆನಪಿವೆ. ಆಟ ಮುಗಿದ ಮೇಲೆ ಅವಳು ಒಬ್ಬಳೇ ಗೊಂಬೆಗಳನ್ನು ಅತ್ತಿತ್ತ ಸರಿಸುತ್ತ ಕೂಡುತ್ತಿದ್ದಳು. ಕಂಬಾರ ಬಹಳ ಜೋರಾದ ಎನಿಸಿದರೆ ಅವನ ಸುತ್ತಿಗೆ ಎತ್ತಲು ಒಂದು ಸರತಿ ಹೆಚ್ಚು ಬೇಕೆಂದು ಮಾಡುವಳು. ಬಂಡಿ ಹೊಡೆಯುವವ ಸಪ್ಪೆಯಾದ ಎನಿಸಿದರೆ, ಕೆಸರಿನಲ್ಲಿ ಎತ್ತುಗಳು ಅವನ ಮಾತು ಮಾತ್ರ ಕೇಳುತ್ತವೆ ಎನ್ನುವಳು. ಒಬ್ಬನ ಬಲ ತಗ್ಗಿಸಿದರೂ ಅವನ ಕಸುಬನ್ನು ಮತ್ತೊಬ್ಬನಿಗೆ ಕೊಡುತ್ತಿರಲಿಲ್ಲ. ಅದೊಂದು ಅವಳ ಹಟ.

ಆ ಮುಂಗಾರಿಗೆ ನಮ್ಮ ಕಟ್ಟೆ ದಿನಾ ಸಂಜೆ ತುಂಬುತ್ತಿತ್ತು. ಅದು ಅಪ್ಪನ ತಾಯಿಯ ಕಣ್ಣಿಗೆ ಬಿತ್ತು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು.

"ದೊಡ್ಡಾಕಿ ಆಗಾಕ ಬಂದಾಳ," ಎಂದಳು ಆಯಿ ಅಪ್ಪನಿಗೆ, ಊಟಕ್ಕೆ ಕೂತಾಗ. "ಗಂಡ ಹುಡುಗೂರ ನಡುವ ಕಟ್ಟಿಮ್ಯಾಲ ಕುಂತು ಖ್ಯಾಖ್ಯಾ ಅಂತಾಳ. ಒಳಗ ಕರಿ."

ಅಪ್ಪ ಕಡಿಮೆ ಮಾತಿನವನು. ಕಟ್ಟೆಯ ಮೇಲಿನ ಆಟವನ್ನು ಅವನೂ ಕಂಬಕ್ಕೆ ಒರಗಿ ನೋಡುತ್ತಿದ್ದ. "ಆಕಿ ಇಲ್ಲದ ಆಟಾ ನಡ್ಯೂದಿಲ್ಲಬೇ," ಎಂದ. "ಊರ ಹುಡುಗೂರೆಲ್ಲ ಬಂದು ಕರೀತಾವ. ಆಟ ಆಕಿನ್ನ ಬೇಡೂತನಾ ಕುಂಡರ್ಲಿ."

ಆಯಿ ಮಜ್ಜಿಗೆ ಸುರಿದುಕೊಂಡಳು. ತಂಗಿ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು, ಆದರೆ ಕಿವಿ ಕೆಂಪಾಗಿತ್ತು. ಅದು ಅವಳಿಗೆ ಸಿಕ್ಕ ಪರವಾನಗಿ. ಆಟಕ್ಕೆ ಅವಳು ಬೇಕಾಗಿರುವವರೆಗೆ ಕಟ್ಟೆಯ ಮೇಲೆ ಅವಳಿಗೆ ಜಾಗ. ಅವಳಿಗೂ ತಿಳಿಯಿತು. ನನಗೂ ತಿಳಿಯಿತು. ತಿಳಿದಿರಲಿಲ್ಲ ಎಂದು ನಾನು ಎಲ್ಲಿಯೂ ಹೇಳುವಂತಿಲ್ಲ.

ಜಗಳ ಬೇಡವೆಂದು ಆಮೇಲಾಮೇಲೆ ಗೊಂಬೆಗಳನ್ನು ಅವಳು ಒಂದು ಅರಿವೆಯಲ್ಲಿ ಸುತ್ತಿ ಹಿಡಿಯುತ್ತಿದ್ದಳು. ಕೈ ಹಾಕಿ ಬಂದದ್ದನ್ನು ತೆಗೆದುಕೊಳ್ಳಬೇಕು. ಆಷಾಢದ ಕೊನೆಗೆ ನನ್ನ ಕೈಗೆ ಮತ್ತೆ ಮತ್ತೆ ಸೂಲಗಿತ್ತಿಯೇ ಬಂದಳು. ತಂಗಿಗಿಂತ ಎರಡು ವರ್ಷ ದೊಡ್ಡವನು ನಾನು. ಆಗಲೇ ಅಪ್ಪನ ಜೊತೆ ಕುಂಟೆ ಹೊಡೆಯುತ್ತಿದ್ದೆ, ಮೀಸೆ ಚಿಗುರುತ್ತಿತ್ತು.

"ಏ ಸೂಲಗಿತ್ತಿ, ಬಿಸಿನೀರ ಕಾಸಲೇ!" ಎಂದು ಗಿರಣಿ ಹುಡುಗ ಕೂಗಿದ. "ಪೈಲ್ವಾನಗ ಹೊಟ್ಟಿ ನೋಯಾಕ ಹತ್ತೇತಿ!"

"ಸೀರಿ ಉಟಗೊಂಡು ಬರಬೇಕಿತ್ತಲೇ ನೀನು," ಎಂದ ಗೌಡರ ಹುಡುಗ. "ಕುಪ್ಪಸಾ ನಮ್ಮ ಮನ್ಯಾಗಿಂದ ಕೊಡಸ್ತೇನಿ."

ಮರುದಿನ ಹೊಲದ ಹಾದಿಯಲ್ಲೂ ಅದೇ ಮಾತು. ಬಾವಿಯ ಹತ್ತಿರವೂ ಅದೇ. ಸಂಜೆ ತಂಗಿಯನ್ನು ದನದ ಕೊಟ್ಟಿಗೆಯ ಹತ್ತಿರ ನಿಲ್ಲಿಸಿದೆ.

"ಆ ಸೂಲಗಿತ್ತಿಗೆ ಒಂದು ಬಡಿಗಿ ಕೊಡು," ಎಂದೆ.

"ಯಾಕ?"

"ಹೊಡ್ಯಾಕ. ಒಂದ ಏಟರ ಹೊಡೀಲಿ. ಸುಮ್ನ ಕುಂಡ್ರೂದಂದ್ರ ಅದೇನ ಆಟ?"

"ಹೊಡ್ಯಾಕ ಪೈಲ್ವಾನ ಅದಾನಲ್ಲಣ್ಣ."

"ಅಂವಗೊಂದ ಬಡಿಗಿ, ಈಕಿಗೊಂದ ಬಡಿಗಿ. ಎಲ್ಲಾರಿಗೂ ಒಂದೊಂದು ಕೊಟ್ರ ನಿನಗೇನ ಕಡಿಮಿ ಆಗ್ತೈತಿ?"

ಅವಳು ಸೆಗಣಿ ಬುಟ್ಟಿ ಕೆಳಗಿಳಿಸಿ ನನ್ನ ಮುಖ ನೋಡಿದಳು. "ಬಡಿಗಿ ಹಿಡದ್ರ ಕೂಸಿನ್ನ ಯಾವ ಕೈಯಾಗ ಹಿಡೀತಾಳು?" ಎಂದಳು.

ಉತ್ತರ ಬರದಿದ್ದಾಗ ಸಿಟ್ಟು ಬರುತ್ತದೆ. ನನಗೂ ಬಂತು.

ಶ್ರಾವಣ ಬಂತು. ಪಂಚಮಿಗೆ ಅವ್ವ ತನ್ನ ತವರು ಮಿಶ್ರಿಕೋಟಿಗೆ ಹೊರಟಳು, ತಂಗಿಯನ್ನೂ ಕರೆದುಕೊಂಡು. ಬಸ್ಸು ಹತ್ತುವ ಮುಂಚೆ ತಂಗಿ ಗೊಂಬೆಗಳ ಗಂಟನ್ನು ನನ್ನ ಕೈಗೇ ಕೊಟ್ಟಳು. "ಇಲಿ ಮುಟ್ಟದಂಗ ಮ್ಯಾಲಿಡಣ್ಣ. ನಾ ಬರೂತನಾ ಬಿಚ್ಚಬ್ಯಾಡ," ಎಂದಳು. ನಾನು ಹೂಂ ಎಂದೆ.

ಎರಡು ಸಂಜೆ ಕಟ್ಟೆ ಬರಿದಾಗಿತ್ತು. ಹುಡುಗರು ಬಂದು ಕೇಳಿ ಹೋಗುತ್ತಿದ್ದರು, "ಆಕಿ ಯಾವಾಗ ಬರ್ತಾಳು?" ಎಂದು. ನಾನು ಆ ಮನೆಯ ಹಿರಿಯ ಮಗ, ಕಟ್ಟೆ ನಮ್ಮದು, ಎಲ್ಲರೂ ಕೇಳುತ್ತಿದ್ದುದು ಅವಳನ್ನು. ಮೂರನೆಯ ದಿನ ಮುಂಜಾನೆ ಗಂಟು ಬಿಚ್ಚಿದೆ.

ಮೊದಲು ಮಾಡಿದ ಕೆಲಸ ಸೂಲಗಿತ್ತಿಗೆ ಬಡಿಗೆ ಕೊಟ್ಟದ್ದು. ಒಣಗಿ ಕಲ್ಲಾಗಿದ್ದ ಗೊಂಬೆಯ ಮಡಚಿದ ಕೈ ಸಡಿಲ ಮಾಡಲು ಅದನ್ನು ನೀರಿನ ತಂಬಿಗೆಯಲ್ಲಿ ಅದ್ದಿದೆ. ಎರೆ ನೆಲದಲ್ಲಿ ಹುಟ್ಟಿ ಎರೆ ನೆಲ ಉಳುವವನು ನಾನು, ಒಣಗಿದ ಎರೆಗೆ ನೀರು ಸೋಕಿದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಅದ್ದಿದೆ. ಕೈ ಮೆತ್ತಗಾಯಿತು, ಎದೆಯೂ ಮೆತ್ತಗಾಯಿತು. ಅಕ್ಕಿಕಾಳಿನಷ್ಟಿದ್ದ ಕೂಸು ಬೆರಳಿಗೆ ಹತ್ತಿಕೊಂಡು ಬಂತು. ಅದನ್ನು ಪಂಚೆಗೆ ಒರೆಸಿಕೊಂಡೆ. ಜೋಳದ ದಂಟಿನ ಸಿಬಿರೊಂದನ್ನು ಕೈಗೆ ಚುಚ್ಚಿ ಬಿಸಿಲಿಗಿಟ್ಟೆ.

ಸಂಜೆ ಹುಡುಗರು ಕೂಡಿದಾಗ ನನ್ನ ನಿಯಮ ಹೇಳಿದೆ. ಎಲ್ಲರೂ ಹೊಡೆಯಬಹುದು. ಎಲ್ಲರಿಗೂ ಎರಡು ಬಿದ್ದರೆ ಸಾಕು. ಜೋಳದ ಕಾಳಿನ ಲೆಕ್ಕ ಇಲ್ಲ, ಕುರಿ ಕಾಯುವವ ಮೊದಲು ನೋಡುವುದು ಇಲ್ಲ, ಗಾಲಿಯನ್ನು ಯಾರಾದರೂ ಕೂಡಿಸಬಹುದು. ತೋಳ ಎಷ್ಟು ಮನೆ ಬರುತ್ತದೆ ಎಂಬುದಕ್ಕೂ ಕವಡೆ ಚೆಲ್ಲಿದರಾಯಿತು, ಮಾತಾಡುವವರು ಬೇಕಿಲ್ಲ.

ಸುಳ್ಳು ಹೇಳುವುದಿಲ್ಲ, ಹುಡುಗರು ಕುಣಿದಾಡಿದರು. ಯಾರ ಕೈಗೆ ಯಾವ ಗೊಂಬೆ ಬಂದರೂ ಜಗಳವಿಲ್ಲ. ಸೂಲಗಿತ್ತಿ ಬಡಿಗೆ ಬೀಸಿ ತೋಳವನ್ನು ಉರುಳಿಸಿದಾಗ ಗಿರಣಿ ಹುಡುಗ ಸಿಳ್ಳೆ ಹಾಕಿದ. "ಲೇ, ನೀ ನಮ್ಮ ಆಟದ ಸಾಹೇಬ!" ಎಂದು ಗೌಡರ ಹುಡುಗ ನನ್ನ ಬೆನ್ನು ತಟ್ಟಿದ. ಪಂಚಮಿಯ ಉಂಡಿ ತಂದು ಮೊದಲು ನನಗೆ ಕೊಟ್ಟರು. ಆ ಉಂಡಿಯ ರುಚಿ ನನಗೆ ಚೆನ್ನಾಗಿ ನೆನಪಿದೆ. ಬಹಳ ಸಿಹಿಯಾಗಿತ್ತು.

ತಂಗಿ ಬಸ್ಸಿಳಿದು ಬಂದಾಗ ಆಟ ನಡೆದಿತ್ತು. ಕೈಚೀಲ ಹಿಡಿದುಕೊಂಡೇ ಕಟ್ಟೆಯ ಬದಿಗೆ ನಿಂತಳು. ಯಾರೂ ಸರಿದು ಜಾಗ ಕೊಡಲಿಲ್ಲ. ಬೇಕೆಂದು ಮಾಡಿದ್ದಲ್ಲ, ತೋಳಕ್ಕೆ ಕವಡೆ ಚೆಲ್ಲುವ ಗದ್ದಲದಲ್ಲಿ ನೋಡಿರಲಿಲ್ಲ.

"ತ್ವಾಳ ಯಾರು?" ಎಂದಳು.

"ಯಾರೂ ಇಲ್ಲ, ಕವಡಿನ," ಎಂದ ಗಿರಣಿ ಹುಡುಗ. "ನೀನೂ ಬೇಕಾದ್ರ ಒಂದ ಗೊಂಬಿ ತಗೋಬೇ. ಎಲ್ಲಾ ಒಂದ ಈಗ."

ಅವಳು ಬಗ್ಗಿ ಸೂಲಗಿತ್ತಿಯನ್ನು ಎತ್ತಿಕೊಂಡಳು. ನೀರು ಕುಡಿದು ಮತ್ತೆ ಒಣಗಿದ ಮಣ್ಣು ಹೆಗಲಿನಿಂದ ನಡುವಿನವರೆಗೆ ಬಿರಿದಿತ್ತು. ಅವಳ ಅಂಗೈಯಲ್ಲೇ ಬಡಿಗೆ ಹಿಡಿದ ಕೈ ಮುರಿದು ಬಿತ್ತು. ಅವಳು ನನ್ನನ್ನು ನೋಡಲಿಲ್ಲ, ಅಂಗೈಯನ್ನೇ ನೋಡುತ್ತಿದ್ದಳು.

ಬಾಗಿಲಲ್ಲಿ ಆಯಿ ನಿಂತಿದ್ದಳು. ಅಪ್ಪ ಎತ್ತು ಬಿಚ್ಚಿ ಆಗತಾನೆ ಬಂದಿದ್ದ. ಆಯಿ ಅವನಿಗೆ, "ನೋಡಪಾ, ಆಕಿ ಊರಾಗ ಇರಲಿಲ್ಲ, ಆಟಾ ಅಗದಿ ಜೋರ್ ನಡೀತು. ಇನ್ನ್ಯಾಕ?" ಎಂದಳು.

ಅಪ್ಪ ನೇರವಾಗಿ ನನ್ನನ್ನು ಕೇಳಿದ. "ಆಕಿ ಇಲ್ಲದ ನಡೀತೈತೇನೋ?"

ಹುಡುಗರೆಲ್ಲ ನನ್ನತ್ತ ನೋಡಿದರು. ತಂಗಿಯೂ ಈಗ ನೋಡಿದಳು. ಇಲ್ಲ ಎಂದಿದ್ದರೆ ಸಾಕಿತ್ತು. ಇದು ಆಟವಲ್ಲ, ಬರೇ ಬಡಿದಾಟ, ಆಕಿ ಬೇಕು ಎಂದಿದ್ದರೆ ಅಪ್ಪ ಆಯಿಗೆ ಮತ್ತೊಮ್ಮೆ ಹೇಳುತ್ತಿದ್ದ. ಅವನು ಆ ಮಾತಿಗಾಗಿಯೇ ಕಾಯುತ್ತಿದ್ದ ಎಂದು ನನಗೆ ಅನಿಸುತ್ತದೆ. ನನ್ನ ಬೆನ್ನ ಮೇಲೆ ಇನ್ನೂ ಗೌಡರ ಹುಡುಗನ ಕೈ ಇತ್ತು.

"ನಡೀತೈತಿ," ಎಂದೆ.

ತಂಗಿ ಅಳಲಿಲ್ಲ, ಬೇಡಲಿಲ್ಲ. ಕೈಚೀಲ ಕೆಳಗಿಟ್ಟು, ಹುಡುಗರ ಕೈಗಳ ನಡುವೆ ಕೈ ಹಾಕಿ ಒಂದೊಂದೇ ಗೊಂಬೆಯನ್ನು ಎತ್ತಿಕೊಂಡಳು. ಪೈಲ್ವಾನನನ್ನು ಗಿರಣಿ ಹುಡುಗ ಬಿಗಿಯಾಗಿ ಹಿಡಿದಿದ್ದ. "ಬಿಡಲೇ, ನನ್ನ ಕೈಯಾರೆ ಮಾಡಿದ್ದು," ಎಂದಳು. ಅವಳ ದನಿಗೆ ಅವನು ಬಿಟ್ಟ. ಬಂಡಿಯನ್ನೂ ತೆಗೆದುಕೊಂಡಳು. ಗೊಂಬೆಯ ಮುರಿದ ಕೈಯಿಂದ ಜೋಳದ ಸಿಬಿರನ್ನು ಕಿತ್ತು ನನ್ನ ಮುಂದಿಟ್ಟಳು. "ಇದಷ್ಟ ನಿಂದು," ಎಂದು ಒಳಗೆ ಹೋದಳು.

ನಾವು ಕಲ್ಲು ಚೂರು ಇಟ್ಟುಕೊಂಡು ಆಡಿದೆವು. ಎಲ್ಲರೂ ಒಂದೇ ಆದಮೇಲೆ ಗೊಂಬೆ ಏಕೆ, ಕಲ್ಲಾದರೂ ನಡೆಯುತ್ತದೆ. ಕವಡೆ ಚೆಲ್ಲು, ಹೊಡೆ, ಮತ್ತೆ ಚೆಲ್ಲು, ಮತ್ತೆ ಹೊಡೆ. ಬಿದ್ದವನನ್ನು ಎಬ್ಬಿಸುವವರಿಲ್ಲ, ಆದ್ದರಿಂದ ಯಾರೂ ಯಾರನ್ನೂ ಕಾಯುತ್ತಿರಲಿಲ್ಲ. ಬಂಡಿ ಗುಡಗೇರಿಗೆ ಮುಟ್ಟಿತೋ ಇಲ್ಲವೋ ಎಂದು ಕೇಳುವವರೂ ಇಲ್ಲ. ಗಣಪತಿ ಹಬ್ಬ ಬರುವುದರೊಳಗೆ ಹುಡುಗರು ಗೋಲಿಗೆ ಹೋದರು. ಮಳೆಗೆ ಸುಣ್ಣದ ಗೆರೆ ಅಳಿಸಿತು. ನಾನು ತಿರುಗಿ ಬರೆಯಲಿಲ್ಲ.

"ಬಾರಬೇ," ಎಂದು ಒಂದು ದಿನ ಒಲೆಯ ಹತ್ತಿರ ಹೋಗಿ ಕರೆದೆ. "ಮೊದಲಿನಂಗ ಆಡೂಣು. ನಾ ಅಪ್ಪಗ ಹೇಳ್ತೇನಿ."

"ಹೇಳೂದು ಅವತ್ತಿತ್ತು," ಎಂದಳು. ಅಷ್ಟೇ.

ಅವಳು ಆಟ ಬಿಟ್ಟಳೆಂದು ನಾನು ತಿಳಿದಿದ್ದೆ. ಬಿಟ್ಟಿರಲಿಲ್ಲ. ಮುಂದಿನ ಬೇಸಿಗೆಗೆ ನಮ್ಮ ಹಿತ್ತಿಲಲ್ಲಿ ಓಣಿಯ ಹೆಂಗಸರು ಕೂಡಿ ಶಾವಿಗೆ ಹೊಸೆಯುವಾಗ ಒಳಗಿಂದ ನಗೆ ಕೇಳಿಸಿತು. ಅಂಥ ನಗೆ ನಮ್ಮ ಕಟ್ಟೆಯ ಮೇಲೆ ಬಿಟ್ಟರೆ ಬೇರೆಲ್ಲೂ ನಾನು ಕೇಳಿರಲಿಲ್ಲ. ಗೋಡೆಯ ಈ ಬದಿಗೆ ನಿಂತೆ.

"ಮರಿ ಹಾಕಿದ ತ್ವಾಳರಿ ಇದು. ಏನ್ ಮಾಡ್ತೀರಿ?" ಎಂದು ತಂಗಿಯ ದನಿ.

"ಯವ್ವಾ, ಅದಕ್ಕೂ ಒಂದೀಟು ಶಾವಗಿ ಪಾಯಸಾ ಹಾಕ್ರಿ, ಬಾಣಂತಿ ಪಾಪ!" ಎಂದು ಯಾರೋ ಅಂದರು. ನಗೆ ಮುಗಿಲಿಗೆ ಹೋಯಿತು. ಅದರಲ್ಲಿ ಆಯಿಯ ದನಿಯೂ ಇತ್ತು. ಪೈಲ್ವಾನ ತನಗೇ ಬೇಕೆಂದು ಆಯಿ ಜಗಳ ತೆಗೆದಿದ್ದಳು.

ನಾನು ಬಾಗಿಲಿಗೆ ಹೋಗಿ ನಿಂತೆ. ನಗೆ ನಿಂತಿತು.

"ಗಂಡಸರಿಗೆ ಇಲ್ಲೇನ ಕೆಲಸಾ?" ಎಂದಳು ಆಯಿ.

"ನನಗೂ ಒಂದ ಗೊಂಬಿ ಕೊಡು," ಎಂದೆ ತಂಗಿಗೆ. ಎಲ್ಲರ ಎದುರು ಕೇಳಿದೆ. "ಸೂಲಗಿತ್ತಿನ್ನ ಕೊಡು. ಬಡಿಗಿ ಬ್ಯಾಡ."

"ಸೂಲಗಿತ್ತಿ ಇಲ್ಲ," ಎಂದಳು. ಕೈ ತುಂಬ ಶಾವಿಗೆಯ ಎಳೆ, ತಲೆ ಎತ್ತಲಿಲ್ಲ. "ನೀ ಮುರದ ಮ್ಯಾಲ ನಾ ಮತ್ತ ಮಾಡಿಲ್ಲ. ನಮ್ಮ ಆಟದಾಗ ಈಗ ಬಿದ್ದಾವ್ರು ಬಿದ್ದಂಗ."

ಮಣ್ಣು ಕಲಸಿ ನಾನೇ ಮಾಡಲು ನೋಡಿದ್ದೇನೆ. ಅರಳೆಯನ್ನೂ ಹಿಂಜಿ ಬೆರೆಸಿದ್ದೇನೆ. ಅರಳೆ ಎಷ್ಟು, ನಾದುವುದು ಎಷ್ಟು ಹೊತ್ತು ಎಂದು ಅವಳನ್ನು ಕೇಳಲು ಬಾಯಿ ಬರಲಿಲ್ಲ. ನನ್ನವೆಲ್ಲ ಬಿರಿದವು.

ಹೋದ ಪಂಚಮಿಯ ಮಾತಿಗೆ ಬರುತ್ತೇನೆ. ಮಗಳ ಗೊಣಗಾಟ ಕೇಳಿ ರೊಟ್ಟಿ ಮುಗಿಸಿದ ತಂಗಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಈಗ ಅವಳನ್ನು ಅಲ್ಲಿಂದ ಎಬ್ಬಿಸುವವರಿಲ್ಲ. ನಾನು ಅವಳ ಮಗಳಿಗೆ ಎಲ್ಲವನ್ನೂ ಹೇಳಿದೆ, ಇಲ್ಲಿ ಬರೆದ ಹಾಗೆಯೇ, ಉಂಡಿಯ ರುಚಿಯನ್ನೂ ಬಿಡದೆ. ಹುಡುಗಿ ಕಂಪ್ಯೂಟರ್ ಮುಚ್ಚಿ ಕೇಳಿದಳು. ಅವಳ ಅವ್ವ ಅಂಥದ್ದೊಂದನ್ನು ಕಟ್ಟಿದ್ದಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಬಿಡಣ್ಣ," ಎಂದಳು ತಂಗಿ ಕಡೆಗೆ. "ನೀ ಇಲ್ಲ ಅಂದಿದ್ರೂ ನನ್ನ ಒಳಗ ಕರೀತಿದ್ರು. ಒಂದು ವರ್ಷ ತಡಾ ಆಗ್ತಿತ್ತು, ಅಷ್ಟ."

ನಮ್ಮ ಮನೆಯಲ್ಲಿ ಎಲ್ಲರೂ ಈ ಮಾತನ್ನೇ ಹೇಳುತ್ತಾರೆ. ಹೇಳಿ ನನಗೆ ಸಮಾಧಾನ ಮಾಡುತ್ತಾರೆ. ಅವಳೂ ಹೇಳಿದಾಗ ನನಗೆ ತಡೆಯಲಾಗಲಿಲ್ಲ.

"ಆ ಒಂದು ವರ್ಷ ನಿಂದಾಗಿತ್ತು," ಎಂದೆ. "ಅದನ್ನ ಕೊಟ್ಟ ಬಿಡಾಕ ನಾ ಯಾರು?"

ಅವಳು ಗೆರೆ ಅಳಿಸಿ ಹೋದ ಕಲ್ಲಿನ ಮೇಲೆ ಬೆರಳು ಆಡಿಸುತ್ತಿದ್ದಳು, ಊರಿನ ತುದಿಯಿಂದ ಗುಡಗೇರಿಯ ಕಡೆಗೆ. ಅವಳಿಗೆ ತಿರುವುಗಳೆಲ್ಲ ನೆನಪಿದ್ದವು.

"ಹೌದು," ಎಂದಳು. "ನಂದಾಗಿತ್ತು."

ಆಮೇಲೆ ಮಗಳ ಕಡೆಗೆ ತಿರುಗಿ, "ಒಳಗ ದೇವರ ಜಗಲಿಮ್ಯಾಲ ಕವಡಿ ಅದಾವ, ತಗೊಂಬಾ," ಎಂದಳು. ನನ್ನ ಕಡೆ ನೋಡದೆಯೇ, "ನೀ ಕುಂಡರಬ್ಯಾಡ. ಹೋಗಿ ಸುಣ್ಣಾ ತಾ," ಎಂದಳು.

ನಾನು ಎದ್ದು ಹೋಗಿ ಸುಣ್ಣ ತಂದೆ.